ನಿಮ್ಮ ಬೀದಿಯಲ್ಲಿ ಮಾತ್ರ ಇಳಿಸಿದ ದನಿ

ಹೊನ್ನಾಳಿ,
12 ಮಾರ್ಚ್ 1986

ಬಸವಾಪಟ್ಟಣದ ನಾಟಕದ ಮೇಷ್ಟ್ರು ವಿರೂಪಾಕ್ಷಪ್ಪನವರಿಗೆ, ನೀವು ಮುಖದ ಬಣ್ಣ ಒರೆಸಿ ಓಡಿಸಿದ ಬೋರಣ್ಣ ಬರೆಯುವುದು.

ನಿಮ್ಮ ಕ್ಷೇಮ ಕೇಳಿ ಶುರು ಮಾಡುವುದಿಲ್ಲ. ನೀವು ಕ್ಷೇಮವಾಗಿರಬಾರದೆಂದು ಹನ್ನೆರಡು ವರ್ಷ ಹಾರೈಸಿದವನು ನಾನು. ಎದ್ದು ಕೂತು ಕೇಳಿ ಮೇಷ್ಟ್ರೇ! ಏಳಲಾಗದಿದ್ದರೆ ಮಲಗಿಯೇ ಕೇಳಿ!

ಎಪ್ಪತ್ನಾಲ್ಕನೇ ಇಸವಿ. ರಾಜಪಾರ್ಟು ನನ್ನದು. ಮೂರು ತಿಂಗಳು ನಿಮ್ಮ ಹಾರ್ಮೋನಿಯಂ ಮುಂದೆ ಗಂಟಲು ಹರಿದುಕೊಂಡಿದ್ದೆ. ಪೆಟ್ರೋಮ್ಯಾಕ್ಸ್ ಹಚ್ಚುವ ಹೊತ್ತಿಗೆ ಬಣ್ಣದ ಪೆಟ್ಟಿಗೆಗೆ ಪೂಜೆ. ಪಾತ್ರಧಾರಿಗಳೆಲ್ಲ ಬಾಗಿದರು, ನಾನು ನೆಟ್ಟಗೆ ನಿಂತೆ. ಒಂದೂವರೆ ತಿಂಗಳ ಹಿಂದಷ್ಟೇ ತುಂಗಭದ್ರೆಯಲ್ಲಿ ಮುಳುಗಿ ಕ್ರೈಸ್ತನಾಗಿದ್ದೆ. "ಪೂಜೆ ನೀವು ಮಾಡ್ರಿ ಮೇಷ್ಟ್ರೇ, ನಂಗೆ ಬ್ಯಾಡ. ಪಾರ್ಟು ಮಾತ್ರ ಜೀವ ಕೊಟ್ಟು ಮಾಡ್ತೀನಿ" ಎಂದೆ.

"ಲೇ ಬೋರ, ಪೆಟ್ಟಿಗೆಗೆ ಕೈ ಮುಗಿಯಾಕೆ ಆಗದೋನಿಗೆ ಪೆಟ್ಟಿಗೆ ಬಣ್ಣ ಯಾಕಲೇ?" ಎಂದವರೇ ಹೆಗಲ ಟವೆಲ್ಲಿಗೆ ಕೊಬ್ಬರಿ ಎಣ್ಣೆ ಸುರಿದು, ನನ್ನನ್ನು ರಂಗದ ಮುಂದಕ್ಕೆ ಎಳೆದು, ಊರೆಲ್ಲ ನೋಡುತ್ತಿರುವಾಗ ನನ್ನ ಮುಖ ತಿಕ್ಕಿದಿರಿ. "ರಾಜ ಹೋದ, ಪಾದ್ರಿ ಬಂದ!" ಎಂದು ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ಅವರ ನಡುವೆ ನನ್ನವ್ವ ಕೂತಿದ್ದಳು ಮೇಷ್ಟ್ರೇ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎದ್ದು ಹೋದವಳು ಸಾಯುವತನಕ ನನ್ನ ಕೈಯ ನೀರು ಮುಟ್ಟಲಿಲ್ಲ. ಬಣ್ಣ ಹೋದದ್ದಕ್ಕಲ್ಲ, ನಾನು ಹಲ್ಲು ಕಡಿದದ್ದು ಇದಕ್ಕೆ!

ಸೇಡು ತೀರಿಸಿಕೊಂಡೆ. ದೊಣ್ಣೆ ಎತ್ತಲಿಲ್ಲ, ಕಲ್ಲು ತೂರಲಿಲ್ಲ. ಯೇಸುವಿನ ಸುವಾರ್ತೆಯನ್ನು ಪ್ರತಿಯೊಬ್ಬರಿಗೂ ಹೇಳಬೇಕೆಂಬುದು ನಮಗಿರುವ ಆಜ್ಞೆ. ಕೇಳಿ ಬೇಡವೆಂದರೆ ಅದು ಅವರ ಇಷ್ಟ. ಹೇಳದೇ ಬಿಟ್ಟರೆ ತಪ್ಪು ನಮ್ಮದು. ದನಿ ದೂರ ಮುಟ್ಟಿಸುವ ತಗಡಿನ ತುತ್ತೂರಿ ಬಾಯಿಗೆ ಹಿಡಿದು ಸವಳಂಗ, ನಲ್ಲೂರು, ದೂರದ ಜಗಳೂರುವರೆಗೂ ಸಾರಿದೆ. "ಮಹಾಜನಗಳೇ!" ಎಂದರೆ ಗಾಡಿಯ ಎತ್ತುಗಳು ನಿಲ್ಲುತ್ತಿದ್ದವು. ನಿಮ್ಮೂರಿನಲ್ಲೂ ಸಾರಿದೆ. ಆದರೆ ನಿಮ್ಮ ಬೀದಿಯ ಮೂಲೆಗೆ ಬಂದೊಡನೆ ತುತ್ತೂರಿ ಕಂಕುಳಿಗೆ ಸೇರುತ್ತಿತ್ತು. ಪಕ್ಕದ ಮನೆಗಳ ಬಾಗಿಲಲ್ಲಿ ಪಿಸುಗುಟ್ಟಿ, ನಿಮ್ಮ ಬಾಗಿಲು ದಾಟಿ ಹೋಗುತ್ತಿದ್ದೆ. ಸ್ವರ್ಗದ ದಾರಿ ಗೊತ್ತಿದ್ದೂ ನಿಮಗೊಬ್ಬರಿಗೆ ಹೇಳದಿರುವುದು... ಆಹಾ, ಅದೆಂಥ ಸುಖ! "ಬಸವಾಪಟ್ಟಣದಾಗೆ ಎಲ್ಲಾ ಮನೆಗೂ ಮುಟ್ಟಿಸಿಯೇನಪ್ಪಾ?" ಎಂದು ನಮ್ಮ ಸಭೆಯ ಹಿರಿಯರಾದ ಹಾಲೇಶಪ್ಪ ಕೇಳಿದಾಗ, "ಮುಟ್ಟಿಸೀನಿ" ಎಂದು ಸುಳ್ಳು ಹೇಳಿ ಅದೇ ಬಾಯಿಂದ ಪ್ರಾರ್ಥನೆ ಮಾಡಿದೆ.

ನಿನ್ನೆ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಮನೆಯವರು ಸಾವಂತ್ರಮ್ಮ ನನ್ನ ಚೀಲ ಹಿಡಿದು ನಿಲ್ಲಿಸಿದರು.

"ಇವರು ಹಾಸಿಗೆ ಹಿಡಿದು ನಾಕು ತಿಂಗಳಾತು ಬೋರಣ್ಣ. ಡಾಕ್ಟ್ರು ಕೈ ಬಿಟ್ಟಾರೆ. ನಿನ್ನ ತುತ್ತೂರಿ ಕೇಳಿದ್ರೆ ಕಿಟಕಿ ತೆಗಿ ಅಂತಾರೆ. ತೆಗೆದ್ರೆ ನೀನು ಗಪ್‌ಚುಪ್! 'ಅವನ ಗಂಟಲು ಹೋತೇನೇ? ನಾನು ತಿದ್ದಿದ ಗಂಟಲು ಅದು' ಅಂತ ಕೊರಗ್ತಾರೆ. ಊರಿಗೆಲ್ಲ ಹೇಳಾಕೆ ಬರ್ತೈತೆ, ನಮ್ಮ ಮನೆ ಮುಂದೆ ನಿನ್ನ ನಾಲಿಗೆಗೆ ಏನಾಗ್ತೈತೆ?"

ಚೀಲ ಬಿಡಿಸಿಕೊಂಡು ಬಸ್ಸು ಹತ್ತಿದವನು ನಾನು.

ಕರಗಿಬಿಟ್ಟೆನೆಂದು ತಿಳಿಯಬೇಡಿ. ನೀವು ನರಕಕ್ಕೆ ಹೋಗುವುದನ್ನು ಮೊದಲ ಸಾಲಿನಲ್ಲಿ ಕೂತು ನೋಡಬೇಕೆಂಬ ಆಸೆ ಈಗಲೂ ಇದೆ. ಆದರೆ ಯೇಸುವಿನ ಆ ಸುದ್ದಿ ನನ್ನ ಸ್ವಂತದ್ದಲ್ಲ, ಬಚ್ಚಿಡುವ ಹಕ್ಕು ನನಗಿಲ್ಲ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ತುತ್ತೂರಿ ತರುವುದಿಲ್ಲ, ನೀವು ತಿದ್ದಿದ ಗಂಟಲು ಸಾಕು. ಅಷ್ಟರೊಳಗೆ ಏನಾದರೂ ಆದರೆ ಎಂಬ ಭಯಕ್ಕೆ ಇಲ್ಲಿಯೇ ಬರೆಯುತ್ತಿದ್ದೇನೆ. ಸಾವಂತ್ರಮ್ಮನವರೇ, ಇದನ್ನು ಅವರ ಕಿವಿಯ ಹತ್ತಿರ ಗಟ್ಟಿಯಾಗಿ ಓದಿ:

ವಿರೂಪಾಕ್ಷಪ್ಪನವರೇ, ನಿಮಗೂ ಕ್ಷಮೆ ಇದೆ. ನನ್ನವ್ವನ ಕಣ್ಣೀರಿನ ಪಾಪಕ್ಕೂ ಸೇರಿಸಿ ಯೇಸು ನಿಮಗಾಗಿ ಪ್ರಾಣ ಕೊಟ್ಟಿದ್ದಾನೆ. ಬೇಕೆಂದರೆ ತೆಗೆದುಕೊಳ್ಳಿ, ಬೇಡವೆಂದರೆ ನನ್ನನ್ನು ಮತ್ತೆ ಹೊರಗಟ್ಟಿ. ನನ್ನ ಹತ್ತಿರ ಮಾತ್ರ ಕ್ಷಮೆ ಕೇಳಬೇಡಿ. ನನ್ನಲ್ಲಿ ಅದು ಇನ್ನೂ ಇಲ್ಲ. ಆತನಲ್ಲಿ ಇದೆ.

ಭಾನುವಾರದವರೆಗೆ ದೇವರು ನಿಮ್ಮ ಉಸಿರು ಕಾಯಲಿ. ಅಲ್ಲಿಯವರೆಗೆ ನನ್ನ ಸಿಟ್ಟನ್ನೂ ಕಾಯಲಿ.

ಬೋರಣ್ಣ