ಮುಚ್ಚಳದ ಒಳಗಿನ ಚೀಟಿ

ಕೊಸರು ತಿಂಗಳ ಹನ್ನೊಂದು, ೨೨೧೪
ಹೊಳೆದಂಡೆ

ಸುಲೋಚನಾ ಟೀಚರಿಗೆ ತುಳಸು ಅಂಬಿಗ ಮಾಡುವ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ಮಳೆಗಾಲ ಲಂಬಿಸುತ್ತ ಹೋದದ್ದರಿಂದ ನಮ್ಮ ಹಿರಿಯರು ವರ್ಷಕ್ಕೆ ಹದಿಮೂರನೆಯದೊಂದು ತಿಂಗಳು ಸೇರಿಸಿದರು. ತರಕಾರಿಯವಳು ಕೊನೆಗೆ ಹಾಕುವ ಕೊಸರಿನ ಹೆಸರೇ ಅದಕ್ಕೂ ಬಂತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಹವ್ಯಾಸಕ್ಕೆಂದು ಸೋಪಿನ ಡಬ್ಬಿಯಲ್ಲಿ ಜೋಡಿಸಿದ ಪುಟ್ಟ ಕಂಪ್ಯೂಟರು ಈಗಲೂ ನಮ್ಮಲ್ಲಿದೆ. ಒಳಗಿನದ್ದೆಲ್ಲ ಎಷ್ಟೋ ಸಲ ಬದಲಾಗಿದೆ, ಡಬ್ಬಿ ಮಾತ್ರ ನಿಮ್ಮದೇ. ನಾವದನ್ನು ಕೇಳುಪೆಟ್ಟಿಗೆ ಅನ್ನುತ್ತೇವೆ. ಹೊಳೆಯ ನಡುವಿನ ಕುರ್ವೆಗಳಲ್ಲಿ, ಅಂದರೆ ದ್ವೀಪಗಳಲ್ಲಿ, ಪ್ರತಿ ಮನೆಯ ಅಡುಗೆ ಕಿಟಕಿಗೂ ಒಂದು ಸೆನ್ಸರ್ ತೂಗುತ್ತದೆ. ಬಿಸಿ, ತೇವ, ತನ್ನ ಸಂಖ್ಯೆ, ಇಷ್ಟನ್ನು ನಿಮಿಷಕ್ಕೊಮ್ಮೆ ತಂತಿಯಿಲ್ಲದೆ ಕಳಿಸುತ್ತದೆ. ಪೆಟ್ಟಿಗೆ ಕೇಳಿಸಿಕೊಂಡು ಬರೆದಿಡುತ್ತದೆ. ಹೊಳೆ ಉಕ್ಕಿ ದೋಣಿ ನಿಂತಾಗ ಆಚೆಯವರು ಬದುಕಿದ್ದಾರೆಂದು ತಿಳಿಯಲು ಬೇರೆ ದಾರಿಯಿಲ್ಲ. ಮೂರು ದಿನ ಒಂದು ಸಂಖ್ಯೆ ಕೇಳದಿದ್ದರೆ ಆ ಮನೆ ಹೋಯಿತೆಂದೇ ಅರ್ಥ. ನಾಲ್ಕನೆಯ ಬೆಳಿಗ್ಗೆ ಕಾಗೆಗೆ ಅನ್ನವಿಟ್ಟು ಸಂಖ್ಯೆ ಅಳಿಸುತ್ತೇವೆ.

ಕಳೆದ ವಾರ ನಲವತ್ತೊಂದು ಸುಮ್ಮನಾಯಿತು. ಅದು ನನ್ನ ಅಕ್ಕ ಮಾದೇವಿಯ ಮನೆ. ಆಚೆ ಕುರ್ವೆಯಲ್ಲಿ ಒಬ್ಬಳೇ ಇರುವವಳು. ಮೂರು ದಿನ ಪೆಟ್ಟಿಗೆಯ ಪಕ್ಕದಲ್ಲೇ ಕಾದೆ. ನಾಲ್ಕನೆಯ ದಿನ ಅನ್ನ ಬೇಯಿಸಿ, ಸಂಖ್ಯೆ ಅಳಿಸಲೆಂದು ಪೆಟ್ಟಿಗೆಯ ಮುಚ್ಚಳ ತೆಗೆದೆ.

ಟೀಚರೇ, ಹೇಳಲು ನಾಚಿಕೆ. ಮುಚ್ಚಳದ ಒಳಗೆ ನೀವು ಅಂಟಿಸಿದ ಚೀಟಿಯನ್ನು ಮಂತ್ರವೆಂದು ತಿಳಿದು ತಲೆಮಾರುಗಳಿಂದ ಕುಂಕುಮ ಹಚ್ಚುತ್ತ ಬಂದಿದ್ದೇವೆ. ಓದಿದವರು ಒಬ್ಬರೂ ಇಲ್ಲ. ಅಂದು ಕೈ ಜಾರಿ ಮುಚ್ಚಳ ನೆಲಕ್ಕೆ ಬಿತ್ತು, ಒಣಗಿದ ಕುಂಕುಮದ ಪದರ ಉದುರಿತು, ಅಕ್ಷರ ಕಂಡಿತು. ಸೆಲ್ ಬದಲಾಯಿಸಿದರೆ ಸೆನ್ಸರ್ ತಾನೇ ಹೊಸ ಸಂಖ್ಯೆ ಹಿಡಿಯುತ್ತದೆ, ಗಾಬರಿ ಬೇಡ, ಹೊಸದನ್ನು ಹುಡುಕಿ ಎಂದು ಬರೆದು, ಕೆಳಗೆ ‘ಸುಲೋಚನಾ ಟೀಚರ್, ಹವ್ಯಾಸಕ್ಕೆ ಜೋಡಿಸಿದ್ದು’ ಎಂದು ಹೆಸರು ಹಾಕಿದ್ದಿರಿ. ನಮ್ಮ ಸೆಲ್ಲುಗಳು ಎಪ್ಪತ್ತು ವರ್ಷ ಬಾಳುತ್ತವೆ. ಬದಲಾಯಿಸಿದ್ದನ್ನು ಕಂಡವರೇ ಉಳಿದಿರಲಿಲ್ಲ.

ಪಟ್ಟಿಯಲ್ಲಿಲ್ಲದ ಸಂಖ್ಯೆಗಳನ್ನು ನಾವು ಕಣ್ಣೆತ್ತಿ ನೋಡುವುದಿಲ್ಲ. ಅಂದು ನೋಡಿದೆ. ಯಾರದೂ ಅಲ್ಲದ ನೂರಾ ಆರು ಮೂರು ದಿನದಿಂದ ಮಾತಾಡುತ್ತಲೇ ಇತ್ತು. ಪ್ರತಿ ಬೆಳಿಗ್ಗೆ ಐದೂವರೆಗೆ ಬಿಸಿ ಏರಿ, ಏಳಕ್ಕೆ ಇಳಿದಿತ್ತು. ಅದು ಅಕ್ಕ ಒಲೆ ಹಚ್ಚುವ ಹೊತ್ತು. ಹೋದ ಜೀವ ಬಂದಂತಾಗಿ ಅಲ್ಲೇ ನೆಲದ ಮೇಲೆ ಕೂತು ಮನಸಾರೆ ಅತ್ತೆ.

ನಿನ್ನೆ ನೀರಿಳಿದು ಅಕ್ಕ ಬಂದಳು. ಕಿಟಕಿಯ ಸೆನ್ಸರಿನ ಹಳೆ ಸೆಲ್ ಮುಗಿದಿತ್ತು, ಹೊಸದು ಹಾಕಿದೆ ಎಂದಳು. ಬದುಕಿರುವವಳಿಗೆ ಕಾಗೆಯ ಅನ್ನ ಬೇಯಿಸಿದೆಯಲ್ಲೇ ಎಂದು ಚೆನ್ನಾಗಿ ಬೈದಳು. ಆಮೇಲೆ, ಸತ್ತಳೆಂದು ಸುದ್ದಿಯಾದರೆ ಆಯುಸ್ಸು ಹೆಚ್ಚುತ್ತದಂತೆ ಬಿಡು ಎಂದು ನಕ್ಕು, ಎರಡು ಸಲ ಬಡಿಸಿಕೊಂಡು ಉಂಡಳು.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಕಾಲದವರು ಏನೇ ಮಾಡಿಟ್ಟರೂ ಒಳಗೊಂದು ಚೀಟಿ ಅಂಟಿಸಿರಿ. ದಪ್ಪ ಅಕ್ಷರದಲ್ಲಿ ಬರೆಯಿರಿ. ಮೇಲೆ ಕುಂಕುಮಕ್ಕೆ ಸ್ವಲ್ಪ ಜಾಗ ಬಿಡಿ; ನಾವು ಹಚ್ಚದೆ ಇರುವವರಲ್ಲ.