ಚಂದ್ರಿ ಅಳುವುದನ್ನು ಬಿಟ್ಟಳು

ಶಹಾಬಾದ
೧೨ ಫೆಬ್ರುವರಿ ೧೯೮೩

ಪ್ರೀತಿಯ ಅಂಬುಬಾಯಿ ವೈನಿಗೆ, ನಿಮ್ಮ ನಾದಿನಿ ಸಾಬಮ್ಮನ ನಮಸ್ಕಾರ.

ನಿಮ್ಮ ಸೊಂಟನೋವು ಹೇಗಿದೆ? ಅವ್ವನ ಕೆಮ್ಮು ಇಳಿಯಿತೆ? ಬಿಸಿಲಲ್ಲಿ ಹೊಳೆ ದಾಟಿ ಹೊಲಕ್ಕೆ ಹೋಗಬೇಡವೆಂದು ಅಣ್ಣನಿಗೆ ಹೇಳಿರಿ. ಕೇಳುವುದಿಲ್ಲ, ಆದರೂ ಹೇಳಿರಿ. ನಾನು ಇಲ್ಲಿ ಆರಾಮ ಇದ್ದೇನೆ ಎಂದು ಬರೆಯಬೇಕು. ಬರೆದಿದ್ದೇನೆ, ಅಷ್ಟೇ.

ಇಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಪಾಠ ಹೇಳುವ ಅಭ್ಯಾಸ ನಡೆದಿದೆ. ವಾರಕ್ಕೆರಡು ದಿನ ರೈಲು ಹತ್ತಿ ಗುಲಬರ್ಗಾಕ್ಕೆ ಹೋಗಿ ವಿಶ್ವವಿದ್ಯಾಲಯದಲ್ಲಿ ಬಾಲ್ಯದ ಬಗ್ಗೆ ಕಲಿಯುತ್ತೇನೆ. "ಕೂಸು ಆಡಸೋದು ಕಲೀಲಿಕ್ಕ ಯೂನಿವರ್ಸಿಟಿ ಬೇಕೇನ್ರೀ ಬಾಯಿ? ನಮ್ಮತ್ತಿ ನಾಕ ಹಡದಾಳ, ಆಕಿಗೂ ಒಂದು ಸರ್ಟಿಫಿಕೇಟ ಕೊಡಸ್ರಿ" ಎಂದು ನೀವು ಚಾಷ್ಟಿ ಮಾಡಿದಾಗ ನಾನೂ ನಕ್ಕಿದ್ದೆ.

ನಮ್ಮ ಮನೆಯವರು ಕಲ್ಲಿನ ಗಣಿಯಲ್ಲಿ ತೀರಿಕೊಂಡ ಮೇಲೆ ನನಗೆ ನೌಕರಿಯ ದಾರಿ ಇದೊಂದೇ ಎಂದು ಅಣ್ಣ ಹೇಳಿದ. ಆಗ ನನ್ನ ಚಂದ್ರಿಗೆ ಒಂದೂವರೆ ವರ್ಷ. ನಮ್ಮಲ್ಲಿ ಮೊಲೆ ಬಿಡಿಸುವ ಪದ್ಧತಿಯಂತೆ ಅವ್ವ ನನ್ನ ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚಿ, "ಇನ್ನ ಮಾರಿ ತೋರಸಬ್ಯಾಡ. ಅತ್ತು ಅತ್ತು ಮರೀತದ" ಎಂದಳು. ಚಂದ್ರಿಯನ್ನು ನಿಮ್ಮ ಮಡಿಲಿಗೆ ಹಾಕಿ ನಾನು ಇಲ್ಲಿಗೆ ಬಂದೆ. ದೀಪಾವಳಿಗೆ ನಮ್ಮೂರು ಸನ್ನತಿಗೆ ಬಂದಾಗಲೂ ನನ್ನನ್ನು ನೆರೆಮನೆಯ ಜೈತುನ್ಬೀ ಅವರಲ್ಲೇ ಕೂರಿಸಿದಿರಿ. ಗೋಡೆಯಾಚೆ ಚಂದ್ರಿ ಅಳುತ್ತಿದ್ದಳು. ನಾನು ಬಾಯಿಗೆ ಸೆರಗು ತುರುಕಿಕೊಂಡು ಕುಳಿತೆ. ಎಲ್ಲರೂ ಮಾಡುವುದನ್ನೇ ಮಾಡಿದೆವು ವೈನಿ. ಆದರೆ ಉಳಿದ ತಾಯಂದಿರು ನಾಲ್ಕು ದಿನಕ್ಕೆ ಮರಳಿ ಕೂಸನ್ನು ಎತ್ತಿಕೊಳ್ಳುತ್ತಾರೆ. ನಾನು ವರ್ಷ ಕಳೆದೆ.

ಚಂದ್ರಿ ಅಳುವುದನ್ನು ಬಿಟ್ಟಿದ್ದಾಳೆ, ಬಂಗಾರದಂಥ ಹುಡುಗಿಯಾಗಿದ್ದಾಳೆ, ನಿನ್ನ ಹೆಸರೇ ತೆಗೆಯುವುದಿಲ್ಲ ಎಂದು ಸಂಕ್ರಾಂತಿಗೆ ನೀವು ಬರೆದಿರಿ. ನಾನು ತರಗತಿಯವರಿಗೆಲ್ಲ ಪೇಢೆ ಹಂಚಿದೆ. ಹೋದ ವಾರ ನಮ್ಮ ದೇವೀಂದ್ರಪ್ಪ ಗುರುಗಳು, ತಾಯಿಯಿಂದ ಅಗಲಿದ ಕೂಸು ಮೊದಲು ಅಳುತ್ತದೆ, ಆಮೇಲೆ ಸುಮ್ಮನಾಗುತ್ತದೆ ಎಂದು ಪಾಠ ಮಾಡಿದರು. "ಆ ಸುಮ್ಮನಿರೋದು ಸಮಾಧಾನ ಅಲ್ರಿ. ಆಶಾ ಬಿಟ್ಟಿರ್ತದ. ಮುಂದ ತಾಯಿ ಬಂದ್ರೂ ಅದಕ್ಕ ಬೇಕಾಗಿರೋದಿಲ್ಲ" ಎಂದರು. ಎಲ್ಲರೂ ಬರೆದುಕೊಂಡರು. ನಾನು ವಹಿ ಮುಚ್ಚಿದೆ. ಆಮೇಲೆ ಗುರುಗಳ ಹಿಂದೆ ಹೋಗಿ, ಅಂಥ ಕೂಸು ಮರಳಿ ಸರಿಹೋಗುತ್ತದೆಯೇ ಎಂದು ಕೇಳಿದೆ. ಯಾರ ಕೂಸು ಎಂದರು. ಶಾಲೆಯ ಒಂದು ಹುಡುಗಿ ಎಂದುಬಿಟ್ಟೆ.

ಪರೀಕ್ಷೆ ಮುಗಿದೊಡನೆ ಆಕೆಯನ್ನು ಕರೆತರಲು ಇಲ್ಲೊಂದು ಖೋಲಿ ನೋಡಿಟ್ಟಿದ್ದೆ. ಕಿಟಕಿ ತಗ್ಗಿನಲ್ಲಿದೆ, ಚಂದ್ರಿಗೆ ನಿಲುಕುತ್ತದೆ.

ಅವ್ವನಿಗೆ ಇದನ್ನು ಓದಿ ಹೇಳಬೇಡಿರಿ; ತನ್ನನ್ನೇ ಬೈದುಕೊಳ್ಳುತ್ತಾಳೆ. ಅಣ್ಣನಿಗೆ ನಮಸ್ಕಾರ, ಚಂದ್ರಿಗೆ ಮುತ್ತು.

ನಿಮ್ಮ
ಸಾಬಮ್ಮ

ತಾ.ಕ.: ರೈಲಿಗೆ ಹೊತ್ತಾಯಿತು, ಆದರೂ ಬರೆಯುತ್ತೇನೆ. ಕಳೆದ ರವಿವಾರ ಯಾರಿಗೂ ತಿಳಿಸದೆ ಸನ್ನತಿಗೆ ಬಂದಿದ್ದೆ. ಚಂದ್ರಿ ಹೊಸ್ತಿಲಲ್ಲಿ ಆಡುತ್ತಿದ್ದಳು. ಹೆಸರು ಹಿಡಿದು ಕರೆದೆ. ನನ್ನ ಮುಖ ನೋಡಿದಳು. ದಾರಿ ಬಿಡಲೆಂದು ಆಟಿಗೆಗಳನ್ನು ಬದಿಗೆ ಸರಿಸಿ, "ಅವ್ವಾ, ಯಾರೋ ಬಂದಾರ" ಎಂದು ಒಳಗೆ ಕೂಗಿದಳು. "ಬಂದೆ ನನ ಕಂದಾ" ಎಂದಿರಿ ನೀವು. ನೀವು ಹೊರಗೆ ಬರುವಷ್ಟರಲ್ಲಿ ಬಸ್ಸಿನ ಕಡೆ ನಡೆದಿದ್ದೆ. ಬೇಸಿಗೆಗೆ ಆಕೆಯನ್ನು ಒಯ್ಯುವುದಿಲ್ಲ ವೈನಿ. ಆ ಕೂಸನ್ನು ತಾಯಿಯಿಂದ ಎರಡನೆಯ ಸಲ ಬಿಡಿಸಲಾರೆ. ನಿಮ್ಮನ್ನು ಅವ್ವ ಎಂದರೆ ತಿದ್ದಬೇಡಿರಿ. ನಾನು ಬಂದರೆ ಅತ್ತಿ ಎನ್ನಲು ಕಲಿಸಿರಿ.