ಬಾಯಿ ಮುಚ್ಚಿ ಅಳೆಯಬೇಕು

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 10:20

ಗಾಳದ ರೀಲಿನ ಹಳೆಯ ದಾರ ಬಿಚ್ಚಿ ಹೊಸದು ಸುತ್ತಿದ್ದಾಯಿತು. ಗಂಟು ಬಿಗಿಯುವ ಮೊದಲು ದಾರಕ್ಕೆ ಎಂಜಲು ಹಚ್ಚಬೇಕು. ಇಲ್ಲದಿದ್ದರೆ ಉಜ್ಜಿ ಬಿಸಿಯಾಗುತ್ತದೆ, ದೊಡ್ಡ ಮೀನು ಬಂದ ದಿನವೇ ಕೈ ಕೊಡುತ್ತದೆ. ನಲವತ್ತು ವರ್ಷದಿಂದ ಬಡಕೊಳ್ಳುತ್ತಿದ್ದೇನೆ. ಗಾಳ ಹಾಕುವವರ ಕ್ಲಬ್ಬಿನಲ್ಲಿ ಅರ್ಧ ಜನ ಈಗಲೂ ಒಣ ಗಂಟೇ. ಹಾಕಿಕೊಳ್ಳಲಿ, ನನಗೇನು.

ಇವತ್ತು ಎರಡು ಬಾಸ್ ಮೀನು. 41 ಸೆಂಟಿಮೀಟರ್, 38 ಸೆಂಟಿಮೀಟರ್. ಎರಡನ್ನೂ ನೀರಿಗೆ ಬಿಟ್ಟೆ. ಮನೆಗೆ ಬಂದರೆ ಹೆಂಡತಿಯದು ಅದೇ ಹಳೆಯ ಜೋಕು — "ಏನ್ರೀ, ಬಾಸ್ ಸಿಕ್ಕಿದ್ರಾ? ಕೆಲಸದಲ್ಲಿದ್ದಾಗ ಬಾಸ್ ಕಂಡ್ರೆ ಓಡ್ತಿದ್ರಿ, ಈಗ ಬಾಸ್ ಹಿಂದೆ ಓಡ್ತೀರಿ." ತಾನೇ ಹೇಳಿ ತಾನೇ ನಗುತ್ತಾಳೆ. ಸೊಸೆಯೂ ನಕ್ಕಳು. ಅವಳೇನು ಕಡಿಮೆಯೇ? ಮದುವೆಯಾಗಿ ಬಂದ ಹೊಸದರಲ್ಲಿ ಫೋನಿನಲ್ಲಿ ಯಾರಿಗೋ, "ಮಾವ ಬಾಸ್‌ನ ಹಿಡಿಯೋಕೆ ಹೋಗಿದಾರೆ, ಏನು ಗಲಾಟೆನೋ ಪಾಪ" ಎಂದಿದ್ದಳು. ಅವರು ಗಾಬರಿಯಾಗಿ ಮನೆಗೇ ಬಂದುಬಿಟ್ಟಿದ್ದರು.

ಮೇ ಸ್ಪರ್ಧೆಗೆ ಜೋಡಿ ಬೇಕು. ದೋಣಿಗೆ ಇಬ್ಬರು, ಅದು ನಿಯಮ. ನನ್ನ ಹಳೆಯ ಜೋಡಿಗೆ ಮೊಣಕಾಲು ಹೋಗಿದೆ. ಮಗನನ್ನು ಕರೆದೊಯ್ಯೋಣವೆಂದರೆ ದೋಣಿ ಅಲ್ಲಾಡುವ ಮೊದಲೇ ವಾಂತಿ. ಸೊಸೆ ತಟ್ಟೆ ಒರೆಸುತ್ತಾ, "ನಾನು ಬರ್ಲಾ ಮಾವ?" ಎಂದಳು.

ನೋಡೋಣ ಎಂದೆ. ನಾಲ್ಕು ದಿನಕ್ಕೆ ಸಾಕಾಗುತ್ತದೆ ಅವಳಿಗೆ.

ಏಪ್ರಿಲ್ 13, ಭಾನುವಾರ. ಮಧ್ಯಾಹ್ನ

ಸಾಕಾಗಲಿಲ್ಲ!

ಐದೂವರೆಗೆ ನನಗಿಂತ ಮೊದಲು ಗೇಟಿನ ಹತ್ತಿರ ನಿಂತಿದ್ದಳು. ಜೊಂಡಿನ ಅಂಚಿಗೆ ದೋಣಿ ಬಿಟ್ಟೆ. ಪಾಠ ಶುರು. ಕಲಕಿದ ನೀರಿಗೆ ಕಪ್ಪು ರಬ್ಬರ್ ಹುಳು, ತಿಳಿನೀರಿಗೆ ತೆಳು ಬಣ್ಣದ್ದು. ಎಸೆದ ಕೂಡಲೇ ಎಳೆಯಬಾರದು. ತಳಕ್ಕೆ ಇಳಿಯಲಿ. ಒಂದು ಸಣ್ಣ ಜಗ್ಗು, ಮತ್ತೆ ಸುಮ್ಮನೆ. ಬಾಸ್ ಕಚ್ಚುವುದು ಹುಳು ಸುಮ್ಮನಿದ್ದಾಗಲೇ. ಹೊಸಬರಿಗೆ ಸುಮ್ಮನಿರಲು ಬರುವುದಿಲ್ಲ, ಅದೇ ಅವರ ರೋಗ.

ಇವಳಿಗೆ ಬರುತ್ತದೆ. ದಾರದ ಮೇಲೆ ತೋರುಬೆರಳಿಟ್ಟು ಕಣ್ಣು ಮುಚ್ಚಿದಳು. ಲ್ಯಾಬಿನಲ್ಲಿ ದಿನಕ್ಕೆ ಅರವತ್ತು ಜನರ ರಕ್ತ ತೆಗೆಯುವ ಕೈ. ಸ್ವಲ್ಪ ಹೊತ್ತಾದ ಮೇಲೆ ಪಿಸುಗುಟ್ಟಿದಳು — "ಮಾವ, ಏನೋ ಇದೆ. ದಪ್ಪ ಕೈಯಲ್ಲಿ ನರ ಹುಡುಕುವಾಗ ಬೆರಳಿಗೆ ಹೀಗೇ ಸಿಗತ್ತೆ."

ನನಗೆ ಇದನ್ನು ಕಲಿಯಲು ಮೂರು ವರ್ಷ ಹಿಡಿದಿತ್ತು!

ಮೇಲೆ ಬಂದದ್ದು 36 ಸೆಂಟಿಮೀಟರಿನ ಬಾಸ್. ಕಿರುಚಿದಳು, ಕುಣಿದಳು. ಬೈದೆ. "ಎಷ್ಟು ಬೇಕಾದ್ರೂ ಕಿರುಚು ತಾಯಿ, ದೋಣಿ ತಳಕ್ಕೆ ಕಾಲು ಕುಟ್ಟಬೇಡ. ಆ ಸದ್ದಿಗೇ ಸರೋವರ ಅರ್ಧ ಖಾಲಿ." ಕೈ ಒದ್ದೆ ಮಾಡಿಕೊಂಡು, ಕೆಳತುಟಿಗೆ ಹೆಬ್ಬೆರಳಿಟ್ಟು ಹಿಡಿಯುವುದನ್ನು ತೋರಿಸಿದೆ. ಮೊದಲ ಸಲಕ್ಕೇ ಹಿಡಿದಳು. ಹೊಟ್ಟೆ ತುಂಬಿತು ನನಗೆ. ಅವಳೆದುರು ಹೇಳಲಿಲ್ಲ.

ಏಪ್ರಿಲ್ 27, ಭಾನುವಾರ. ಸಂಜೆ 6

ಸೊಸೆಯನ್ನು ಕ್ಲಬ್ಬಿಗೆ ಕರೆದೊಯ್ದು ಪರಿಚಯಿಸಿದೆ. ಕಾರ್ಯದರ್ಶಿ — ಬೀದಿ ತುದಿಯ ಕನ್ನಡಕದ ಅಂಗಡಿಯವನು — ಎದ್ದು ನಿಂತು, "ಬನ್ನಿ ಬನ್ನಿ, ಮೈಕ್ರಾನ್ ಅವರ ಸೊಸೆ ಅಂದ್ರೆ ಸುಮ್ನೆನಾ" ಎಂದ. ಮೈಕ್ರಾನ್ ಎಂಬುದು ನನ್ನ ಅಡ್ಡಹೆಸರು ಇಲ್ಲಿ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಾರ್ಖಾನೆಯ ಗೇಜ್ ರೂಮಿನಲ್ಲಿ ಮೂವತ್ತಮೂರು ವರ್ಷ ಅಳೆದವನು ನಾನು. ಕೂದಲಿನ ಕಾಲು ಭಾಗ ಹೆಚ್ಚಿದ್ದರೂ ಬಿಡಿಭಾಗಗಳ ಇಡೀ ಟ್ರೇ ವಾಪಸ್. ಬಡಿಗೆ ಹಿಡಿದು ಬಂದವರೂ ಇದ್ದಾರೆ. ಜಗ್ಗಿಲ್ಲ.

ಗೋಡೆಯ ಮೇಲೆ ಬೋರ್ಡು. "ಅತಿ ಉದ್ದದ ಬಾಸ್ — 55.2 ಸೆಂ.ಮೀ. — ಮೈಕ್ರಾನ್." ಇಪ್ಪತ್ತೆರಡು ವರ್ಷವಾಯಿತು. ಕೆಳಗೆ ಫೋಟೋ. ಅದರ ಪಕ್ಕದಲ್ಲಿ ನಾನೇ ಬರೆಸಿದ ನಿಯಮ — ಮೀನಿನ ಬಾಯಿ ಮುಚ್ಚಿ ಅಳೆಯಬೇಕು.

ಸೊಸೆ ಬೋರ್ಡಿನ ಮುಂದೆ ನಿಂತು, "ಇದನ್ನ ಮುರಿಯೋಕಾಗಲ್ವಾ ಮಾವ?" ಎಂದಳು. "ಮುರಿ ನೋಡೋಣ" ಎಂದೆ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ.

ಇಲ್ಲಾದರೂ ಬರೆಯುತ್ತೇನೆ. ಆ ದಾಖಲೆಯ ದಿನ ಮೀನು ಒದ್ದಾಡುತ್ತಿತ್ತು. ತುಟಿಯಲ್ಲಿ ನನ್ನ ಹೆಬ್ಬೆರಳು. ಅಳತೆಯ ಹಲಗೆಯ ಮೇಲೆ ಇಟ್ಟಾಗ ಬಾಯಿ ತೆರೆದೇ ಇತ್ತು. ಕೆಳದವಡೆ ಮುಂದೆ ಬಂದರೆ ಉದ್ದ ಹೆಚ್ಚು, ಮಗುವಿಗೂ ಗೊತ್ತು. ಆಗಿನ ಕಾರ್ಯದರ್ಶಿ "ಐವತ್ತೈದು ಪಾಯಿಂಟ್ ಎರಡು!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ನನಗೆ ಕಂಡಿತ್ತು. ಮೀನಿನ ಬಾಯಿ ತೆರೆದಿತ್ತು, ನನ್ನ ಬಾಯಿ ಮುಚ್ಚಿತ್ತು.

ಮೂರು ತಿಂಗಳಾದ ಮೇಲೆ ನಿಯಮ ಬರೆಸಿದೆ. "ಎಷ್ಟು ಕಟ್ಟುನಿಟ್ಟು ನೋಡಿ" ಎಂದು ಹೊಗಳಿದರು. ನಾಚಿಕೆಯಾಗಬೇಕು ನನಗೆ. ಆಗುತ್ತಲೂ ಇದೆ.

ಮೇ 4, ಭಾನುವಾರ

ಎಷ್ಟು ಹೆಚ್ಚಾಗಿತ್ತು ಎಂಬುದಾದರೂ ಗೊತ್ತಾಗಲಿ. ಮೂರು ಬೆಳಗುಗಳಿಂದ ಪ್ರತಿ ಮೀನನ್ನೂ ಎರಡೆರಡು ಸಲ ಅಳೆಯುತ್ತಿದ್ದೇನೆ. ಬಾಯಿ ಮುಚ್ಚಿ 48.1, ತೆರೆದು 49.4. ಮುಚ್ಚಿ 44.0, ತೆರೆದು 45.2. ಇನ್ನೆರಡು, ಅವುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನನ್ನದು 54 ಕೂಡ ಇಲ್ಲ. 53.9.

ಸೊಸೆ ಹುಬ್ಬು ಗಂಟಿಕ್ಕಿ, "ಯಾಕ್ ಮಾವ ಎರಡೆರಡು ಸಲ?" ಎಂದಳು. ಅಭ್ಯಾಸ ಎಂದೆ.

ಮೇ 18, ಭಾನುವಾರ. ಸಂಜೆ 7

ಎಲ್ಲಿಂದ ಶುರು ಮಾಡಲಿ.

ಇವತ್ತು ಸ್ಪರ್ಧೆ, ಹದಿನಾರು ದೋಣಿ. ಗಾಳಿ ಪಶ್ಚಿಮದಿಂದ. ಎಲ್ಲರೂ ಗಾಳಿ ತಪ್ಪಿಸಿಕೊಂಡು ಅಲೆಯಿಲ್ಲದ ದಂಡೆಗೆ ಹೋದರು. ನಾವು ಗಾಳಿ ಬಡಿಯುವ ದಂಡೆಗೆ. ಅಲೆ ತಳ್ಳಿದ ಕಡೆ ಹುಳಹುಪ್ಪಟೆ, ಹುಳಹುಪ್ಪಟೆಯ ಹಿಂದೆ ಸಣ್ಣ ಮೀನು, ಸಣ್ಣ ಮೀನಿನ ಹಿಂದೆ ಬಾಸ್. ಇಷ್ಟೇ ವಿದ್ಯೆ, ಉಳಿದದ್ದು ಸೊಂಟ ನೋವು ತಡೆಯುವುದು.

ಮುಳುಗಿದ ಬೇಲಿಯ ಹತ್ತಿರ ಅವಳು ಎಸೆದಳು. ದಾರ ಒಂದಿಷ್ಟು ಪಕ್ಕಕ್ಕೆ ಸರಿಯಿತು. ನನಗೆ ಕಂಡಿತು. "ಎಳಿ!" ಎಂದೆ. ಎಳೆಯಲಿಲ್ಲ! "ಇನ್ನೂ ಇಲ್ಲ ಮಾವ, ತುಟೀಲಿ ಹಿಡ್ಕೊಂಡಿದೆ ಅಷ್ಟೆ." ನನಗೇ ಪಾಠ. ಒಂದು, ಎರಡು, ಮೂರು... ಆಮೇಲೆ ಎಳೆದಳು ನೋಡಿ, ರಾಡು ಹಿಡಿಕೆಯವರೆಗೆ ಬಾಗಿತು.

ಎರಡು ಸಲ ನೀರಿನಿಂದ ಮೇಲಕ್ಕೆ ಹಾರಿತು. ಹಾರಿದಾಗ ರಾಡಿನ ತುದಿ ತಗ್ಗಿಸಬೇಕು ಎಂದು ನಾನು ಹೇಳುವಷ್ಟರಲ್ಲಿ ತಗ್ಗಿಸಿದ್ದಳು. ನಾನು ಬಲೆ ಒಡ್ಡಿದೆ. ದೋಣಿಯೊಳಕ್ಕೆ ಬಂತು. ಇವಳು ನನ್ನ ಶಿಷ್ಯೆ! ನನ್ನ ಮನೆಯವಳು!

ದಂಡೆಯಲ್ಲಿ ಕನ್ನಡಕದ ಅಂಗಡಿಯ ಕಾರ್ಯದರ್ಶಿ ಹಲಗೆ ಒದ್ದೆ ಮಾಡಿ, ಮೀನಿನ ಬಾಯಿ ಬೆರಳಿನಿಂದ ಮುಚ್ಚಿ, ಬಾಲ ಕೂಡಿಸಿ ಓದಿದ. 54.6.

ಸ್ಪರ್ಧೆ ನಮ್ಮದು. ಆದರೆ ಅವಳ ಮನಸ್ಸು ಕ್ಲಬ್ಬಿನ ಬೋರ್ಡಿನ ಮೇಲೆ. "ಆರೇ ಮಿಲಿಮೀಟರ್ ಮಾವ..." ಯಾರೋ, "ಗುರೂನ ಮೀರಿಸೋಕಾಗತ್ತಾ, ಬಿಡಮ್ಮ" ಎಂದು ನನ್ನ ಬೆನ್ನು ತಟ್ಟಿದರು. ಮತ್ತೆ ನಕ್ಕೆ ನಾನು. ಛೀ.

ಮೇ 19, ಸೋಮವಾರ

ಊಟ ಸೇರಲಿಲ್ಲ. ಹೆಂಡತಿ — "ಗೆದ್ದಿದ್ದೀರಾ ತಾನೆ? ಮುಖ ಯಾಕೆ ಸೋತೋರ ಥರ?"

ಸೊಸೆ ಕೆಲಸಕ್ಕೆ ಹೋಗುವಾಗ ಹೊಸ್ತಿಲಲ್ಲಿ ನಿಂತು ಗೆದ್ದ ಕಪ್ಪಿನ ಫೋಟೋ ತೆಗೆದುಕೊಂಡಳು, ಲ್ಯಾಬಿನಲ್ಲಿ ತೋರಿಸಲು. "ಮುಂದಿನ ವರ್ಷ ಬಿಡಲ್ಲ ನಿಮ್ಮನ್ನ" ಎಂದಳು.

ಅವಳದ್ದು ಅವಳಿಗೆ ಸಿಗಬೇಕು. ಮುಂದಿನ ವರ್ಷವಲ್ಲ.

ಮೇ 21, ಬುಧವಾರ. ಮಧ್ಯಾಹ್ನ 3

ಕನ್ನಡಕದ ಅಂಗಡಿಗೆ ಹೋದೆ. ಗಿರಾಕಿ ಹೋಗುವವರೆಗೆ ಫ್ರೇಮು ನೋಡುವವನಂತೆ ನಿಂತಿದ್ದೆ. ಆಮೇಲೆ ಒಂದೇ ಉಸಿರಿಗೆ ಹೇಳಿದೆ. ಬಾಯಿ ತೆರೆದಿತ್ತು, ನನಗೆ ಗೊತ್ತಿತ್ತು, 53.9, ಬೋರ್ಡಿನಿಂದ ತೆಗೆಯಿರಿ.

ಅವನು ಲೆನ್ಸ್ ಒರೆಸುವುದನ್ನು ನಿಲ್ಲಿಸಲೂ ಇಲ್ಲ. "ಮೈಕ್ರಾನ್ ಅವ್ರೇ, ಆ ಫೋಟೋ ಇಪ್ಪತ್ತೆರಡು ವರ್ಷದಿಂದ ಗೋಡೆ ಮೇಲಿದೆ. ಅದರ ಬಾಯೊಳಗೆ ಟೆನಿಸ್ ಚೆಂಡು ಹೋಗತ್ತೆ. ನಮಗೂ ಕಣ್ಣಿದೆ."

"ಎಲ್ಲರಿಗೂ ಗೊತ್ತಾ?"

"ಗೊತ್ತು."

"ಯಾಕ್ರೀ ಹೇಳ್ಲಿಲ್ಲ ಒಬ್ರೂ?"

"ನೀವೇ ಹೇಳ್ತೀರಿ ಅಂತ ಕಾದ್ವಿ. ಆಮೇಲೆ ಕಾಯ್ತಿದೀವಿ ಅನ್ನೋದೂ ಮರ್ತುಹೋಯ್ತು."

ನೆಲ ಬಿರಿದು ನನ್ನನ್ನು ಒಳಗೆ ಎಳೆದುಕೊಳ್ಳಬಾರದಿತ್ತೇ ಎನಿಸಿತು. ಇಷ್ಟು ವರ್ಷ ಆ ಬೋರ್ಡಿನ ಕೆಳಗೆ ಎದೆ ಸೆಟೆಸಿ ಕೂತಿದ್ದೇನೆ, ಎಲ್ಲರಿಗೂ ಬುದ್ಧಿ ಹೇಳಿದ್ದೇನೆ. ಅವನು ಪಾಪ ದಾರಿ ತೋರಿಸಿದ — ನಿಯಮ ಬಂದದ್ದು ಆಮೇಲೆ, ಹಿಂದಿನ ಮೀನಿಗೆ ಅದು ತಾಗುವುದಿಲ್ಲ, ಸುಮ್ಮನಿದ್ದುಬಿಡಿ ಎಂದು. ಸಿಟ್ಟು ನೆತ್ತಿಗೇರಿತು. ನಿಯಮ ಯಾವಾಗ ಬಂದರೇನು? ಮೀನು ಇದ್ದಷ್ಟೇ ಉದ್ದ. ಅವನ ಬಿಲ್ ಪುಸ್ತಕದ ಹಾಳೆ ಹರಿದು, ಹಿಂಬದಿಯಲ್ಲಿ ಬರೆದು, ಸಹಿ ಹಾಕಿ ಕೊಟ್ಟು ಬಂದೆ.

ಹೊರಗೆ ಬಂದಾಗ ಕಾಲು ಹಗುರ.

ಮೇ 25, ಭಾನುವಾರ. ಮಧ್ಯಾಹ್ನ

ದೋಣಿಯಲ್ಲಿ ಸೊಸೆಗೆ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ರಾಡು ಕೆಳಗಿಟ್ಟು ಕೆಂಡವಾದಳು.

"ನನಗೆ ಬಿಟ್ಟುಕೊಡ್ತಿದ್ದೀರಾ ಮಾವ? ಚಿಕ್ಕಮಗುನಾ ನಾನು?"

"ಬಿಟ್ಟುಕೊಡೋಕೆ ಅದು ನಂದಾಗಿರಬೇಕಲ್ಲಮ್ಮ."

ಆಮೇಲೆ ಕೈ ಚಾಚಿದಳು. ಲೆಕ್ಕ ತೋರಿಸಿ ಎಂದಳು. ಅಳತೆ ಬರೆದ ಚೀಟಿ ಕೊಟ್ಟೆ. ಓದಿದಳು. ತಲೆ ಅಲ್ಲಾಡಿಸಿದಳು.

"ನಾಲ್ಕೇ ಸ್ಯಾಂಪಲ್ಲಾ? ಇಷ್ಟಕ್ಕೆ ನಮ್ಮ ಲ್ಯಾಬಲ್ಲಿ ರಿಪೋರ್ಟೇ ಕೊಡಲ್ಲ. ನಡೀರಿ, ಇನ್ನೂ ಹಿಡಿಯೋಣ."

ಮೂವತ್ತಮೂರು ವರ್ಷದಲ್ಲಿ ನನ್ನ ಅಳತೆಯನ್ನು ಸಾಲದು ಎಂದವರು ಯಾರೂ ಇರಲಿಲ್ಲ. ಹತ್ತೂವರೆಯವರೆಗೆ ಹಿಡಿದೆವು. ಏಳು ಮೀನು. ನಾನು ಹಿಡಿದಿಡುವುದು, ಅವಳು ಓದುವುದು, ಮುಚ್ಚಿ ಒಂದು, ತೆರೆದು ಒಂದು. ನಾನು ಬಾಯಿ ತೆರೆಯುವಾಗ ಒಂದು ಸಲ, "ಜಾಸ್ತಿ ಎಳಿತಿದ್ದೀರಿ, ನಿಮಗೇ ಮೋಸ ಮಾಡ್ಕೋಬೇಡಿ" ಎಂದು ಗದರಿದಳು. ಅತಿ ಕಡಿಮೆ ವ್ಯತ್ಯಾಸ 1.1. ಅತಿ ಹೆಚ್ಚು 1.5. ಕಡಿಮೆಯದನ್ನೇ ಹಿಡಿದರೂ ನನ್ನದು 54.1.

"ಅಂದ್ರೆ ನಿಜವಾಗ್ಲೂ ನಂದೇ," ಎಂದಳು. ಹಲಗೆಯನ್ನೇ ನೋಡುತ್ತಿದ್ದಳು.

"ನಿಂದೇ."

ಆಗ ನಕ್ಕಳು ನೋಡಿ. ಅಳತೆ ಸರಿಯಾಗಿದ್ದರೆ ಮುಖ ಹಾಗಿರುತ್ತದೆ.

ಜೂನ್ 1, ಭಾನುವಾರ. ಸಂಜೆ 5

ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು ಎಲ್ಲರೆದುರು ಹೇಳಿದೆ. ಆಮೇಲೆ ನನ್ನ ಹಳೆಯ ಜೋಡಿ, ಮೊಣಕಾಲು ಹೋದವನು, ಕುರ್ಚಿ ಹಿಡಿದು ಎದ್ದು ನಿಂತ. ಅವನನ್ನು ನೋಡಿ ಉಳಿದವರೂ ಎದ್ದರು. ಇಂಥದ್ದು ನನಗೆ ಆ 55.2ರ ದಿನವೂ ಸಿಕ್ಕಿರಲಿಲ್ಲ.

ಬೋರ್ಡು ಬರೆಯುವವನು ಮುಂದಿನ ವಾರ ಬರುತ್ತಾನಂತೆ. ಯಾಕೆ ಕಾಯಬೇಕು? ಕುಂಚ ಇಸಿದುಕೊಂಡೆ. 55.2 ಅಳಿಸಿ 54.6 ಬರೆದೆ, ಮೈಕ್ರಾನ್ ಅಳಿಸಿ ಸೊಸೆಯ ಹೆಸರು. ಅಂಕಿ ನೆಟ್ಟಗೆ, ಸಾಲು ಸಾಲಾಗಿ. ಹೆಂಡತಿ ಬಂದಿದ್ದಳು, ಜೋಕು ಹೇಳಲಿಲ್ಲ. ಸೆರಗಿನಿಂದ ನನ್ನ ಕೈಯ ಬಣ್ಣ ಒರೆಸಿದಳು. "ಎಂಥ ಮನುಷ್ಯನ್ನ ಮದುವೆಯಾಗಿದ್ದೀನಿ ಅಂತ ಇವತ್ತು ಗೊತ್ತಾಯ್ತು" ಎಂದಳು. ಈ ವಯಸ್ಸಿಗೆ ನನ್ನ ಕಿವಿ ಕೆಂಪಾಯಿತು.

ಜೂನ್ 8, ಭಾನುವಾರ. ಬೆಳಿಗ್ಗೆ 5:15

ನಿನ್ನೆ ಸಂಜೆಯದು, ಬರೆಯದೆ ಇರಲಾರೆ. ದೋಣಿ ತೊಳೆಯುತ್ತಿದ್ದೆ. ದಂಡೆಯಲ್ಲಿ ಒಬ್ಬರು, ಹೊಸಬರು, ಹೊಸ ರಾಡು, ಬೆಲೆ ಚೀಟಿ ಇನ್ನೂ ನೇತಾಡುತ್ತಿತ್ತು. ನನ್ನನ್ನು ಗುರುತು ಹಿಡಿದವರಂತೆ ಹತ್ತಿರ ಬಂದರು. ಮೈಕ್ರಾನ್ ಎನ್ನುತ್ತಾರೆ ಎಂದು ಸೊಂಟ ನೆಟ್ಟಗೆ ಮಾಡಿಕೊಂಡೆ.

"ನೀವು ಆ ಐವತ್ತನಾಲ್ಕು ಪಾಯಿಂಟ್ ಆರು ಹಿಡಿದೋರ ಮಾವ ಅಲ್ವಾ?"

ಹೌದು ಎಂದೆ. ಅವರಿಗೆ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿದೆ, ಜೋರಾಗಿ — ಹೌದ್ರೀ, ನಾನೇ ಅವಳ ಮಾವ.

ಗೇಟಿನ ಹತ್ತಿರ ಹಾರ್ನ್. ಐದು ನಿಮಿಷ ಲೇಟಂತೆ ನಾನು. ಮತ್ತೆ ಹಾರ್ನ್. "ಮಾವಾ, ಮೀನು ಕಾಯಲ್ಲ!" ಇಡೀ ಬೀದಿ ಎಬ್ಬಿಸುತ್ತಾಳೆ ಈ ಹುಡುಗಿ. ಬಂದೆ ಮಾರಾಯ್ತಿ, ಬಂ—